ಎದೆಯೊಳಗಿನ ಗಡ್ಡೆ: ಕ್ಯಾನ್ಸರ್ ಅಲ್ಲದಿದ್ದರೂ ಅಲಕ್ಷ್ಯ ಬೇಡ



ಕೈ ಮೇಲೆ, ಬೆನ್ನ ಮೇಲೆ ಗಂಟು ಎದ್ದರೆ ನಮಗೆ ಕಾಣುತ್ತದೆ. ಮುಟ್ಟಿ ನೋಡುತ್ತೇವೆ. ಮನೆ ಮಂದಿಗೆ ತೋರಿಸುತ್ತೇವೆ. ಆದರೆ ಎದೆಯ ಒಳಗೆ ಗಂಟು ಬೆಳೆದರೆ? ಅದು ಕಣ್ಣಿಗೆ ಕಾಣುವುದಿಲ್ಲ. ಕೈಗೆ ಸಿಗುವುದಿಲ್ಲ. ಅದು ತಾನು ಇರುವುದನ್ನು ಬೇರೆ ರೀತಿಯಲ್ಲಿ ತಿಳಿಸುತ್ತದೆ. ಕೆಮ್ಮು ಬರುತ್ತದೆ. ದಮ್ಮು ಹತ್ತುತ್ತದೆ. ರೊಟ್ಟಿ ನುಂಗಲು ತ್ರಾಸ ಆಗುತ್ತದೆ. ದನಿ ಬದಲಾಗುತ್ತದೆ. ಈ ಗುರುತುಗಳನ್ನು ತಿಳಿಯೋಣ ಬನ್ನಿ.

ಗಡ್ಡೆ ಎಂದರೇನು?

ನಮ್ಮ ದೇಹ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿದೆ. ಹಳೆಯ ಕೋಶಗಳು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಇದು ಲೆಕ್ಕ ಪ್ರಕಾರ ನಡೆಯುತ್ತದೆ. ಒಂದೊಂದು ಸಲ ಲೆಕ್ಕ ತಪ್ಪುತ್ತದೆ. ಒಂದೇ ಜಾಗದಲ್ಲಿ ಕೋಶಗಳು ಬೇಡವಾದಷ್ಟು ಬೆಳೆದು ಗುಡ್ಡೆಯಾಗುತ್ತವೆ. ಅದೇ ಗಡ್ಡೆ.

ಗಡ್ಡೆಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಒಂದು, ಕ್ಯಾನ್ಸರ್ ಗಡ್ಡೆ. ಇದು ಪಕ್ಕದ ಭಾಗದೊಳಗೆ ಬೇರು ಬಿಡುತ್ತದೆ. ರಕ್ತದ ಜೊತೆ ಹರಿದು ದೂರದ ಅಂಗಗಳಿಗೂ ಹಬ್ಬಬಹುದು.

ಇನ್ನೊಂದು, ಕ್ಯಾನ್ಸರ್ ಅಲ್ಲದ ಗಡ್ಡೆ. ಇದು ಸಾಮಾನ್ಯವಾಗಿ ನಿಧಾನ ಬೆಳೆಯುತ್ತದೆ. ಇದ್ದಲ್ಲೇ ಇರುತ್ತದೆ. ಬೇರೆ ಅಂಗಕ್ಕೆ ಹಬ್ಬುವುದಿಲ್ಲ. ಡಾಕ್ಟರರು ಇದನ್ನು 'ಬಿನೈನ್' ಗಡ್ಡೆ ಎನ್ನುತ್ತಾರೆ.

ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ಕೆಲವರು, "ಗಡ್ಡೆ ಅಂದರೆ ಕ್ಯಾನ್ಸರ್, ಇನ್ನು ಮುಗೀತು" ಎಂದು ಹೆದರುತ್ತಾರೆ. ಹೆದರಿ ಯಾರಿಗೂ ಹೇಳದೆ ಮುಚ್ಚಿಡುತ್ತಾರೆ. ಇನ್ನು ಕೆಲವರು, "ಕ್ಯಾನ್ಸರ್ ಅಲ್ಲ ಅಂದಾರ, ಇನ್ನೇನು ಚಿಂತಿ ಇಲ್ಲ" ಎಂದು ಮತ್ತೆ ಆಸ್ಪತ್ರೆಯ ಕಡೆ ತಿರುಗಿ ನೋಡುವುದಿಲ್ಲ. ಎರಡೂ ತಪ್ಪು. ಯಾಕೆ? ಮುಂದೆ ಓದಿ.

ಎದೆ ಒಂದು ಕೋಣೆಯ ಮನೆ

ನಿಮ್ಮ ಎದೆಯ ಮೇಲೆ ಕೈ ಇಟ್ಟು ನೋಡಿ. ಎಲುಬು ಗಟ್ಟಿಯಾಗಿ ಸಿಗುತ್ತವೆ. ಎರಡೂ ಕಡೆ 12 ಜೋಡಿ ಪಕ್ಕೆಲುಬು ಇವೆ. ಮುಂದೆ ಎದೆಯ ಎಲುಬು. ಹಿಂದೆ ಬೆನ್ನೆಲುಬು. ಕೆಳಗೆ ಒಂದು ಸ್ನಾಯುವಿನ ಪರದೆ. ಅದಕ್ಕೆ ವಪೆ ಎನ್ನುತ್ತಾರೆ. ಇದೇ ಎದೆಗೂಡು.

ಗೂಡಿನ ಎರಡೂ ಬದಿಗೆ ಶ್ವಾಸಕೋಶಗಳಿವೆ. ನಡುವೆ ಇಕ್ಕಟ್ಟಾದ ಜಾಗ ಇದೆ. ಅಲ್ಲಿ ಹೃದಯ, ದೊಡ್ಡ ರಕ್ತನಾಳಗಳು, ಗಾಳಿ ಹೋಗುವ ಶ್ವಾಸನಾಳ, ಅನ್ನ ಹೋಗುವ ಅನ್ನನಾಳ ಮತ್ತು ನರಗಳು ಇವೆ.

ಒಂದೇ ಕೋಣೆಯ ಮನೆ ನೆನಪು ಮಾಡಿಕೊಳ್ಳಿ. ಅದರಲ್ಲಿ ಐದಾರು ಮಂದಿ ಮಲಗುತ್ತಾರೆ. ಅಲ್ಲೇ ಒಂದು ಜೋಳದ ಚೀಲ ತಂದು ಇಟ್ಟರೆ ಏನಾಗುತ್ತದೆ? ಚೀಲ ಕೆಟ್ಟದ್ದಲ್ಲ. ಯಾರನ್ನೂ ಕಚ್ಚುವುದಿಲ್ಲ. ಆದರೂ ಮಲಗುವವರಿಗೆ ಜಾಗ ಸಾಲದು. ಗೋಡೆಯನ್ನು ಹೊರಗೆ ತಳ್ಳಲು ಬರುವುದಿಲ್ಲ.

ಎದೆಯೊಳಗಿನ ಗಡ್ಡೆಯೂ ಹಾಗೆಯೇ. ಅದು ಕ್ಯಾನ್ಸರ್ ಅಲ್ಲದಿರಬಹುದು. ಆದರೆ ದೊಡ್ಡದಾದರೆ ಪಕ್ಕದ್ದನ್ನು ಒತ್ತುತ್ತದೆ. ಅಪಾಯ ಇರುವುದು ಈ ಒತ್ತುವುದರಲ್ಲಿ. ಮಕ್ಕಳ ಎದೆಗೂಡು ಇನ್ನೂ ಸಣ್ಣದು. ಆದ್ದರಿಂದ ಅವರಿಗೆ ಬೇಗ ತೊಂದರೆ ಕಾಣುತ್ತದೆ.

ಎಲ್ಲಿ ಒತ್ತಿದರೆ ಏನು ತೊಂದರೆ?

ಗಡ್ಡೆ ಸಣ್ಣದಿದ್ದಾಗ ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ. ಬೇರೆ ಕಾರಣಕ್ಕೆ ಎಕ್ಸ್‌ರೇ ತೆಗೆಸಿದಾಗ ಅದು ಕಾಣುತ್ತದೆ. ಗಡ್ಡೆ ಬೆಳೆದ ಮೇಲೆ ಈ ಗುರುತುಗಳು ಬರಬಹುದು.

1. ಶ್ವಾಸನಾಳ ಒತ್ತಿದರೆ: ಒಣ ಕೆಮ್ಮು ಬರುತ್ತದೆ. ಉಸಿರಾಡುವಾಗ ಸುಂಯ್ ಎಂದು ಸದ್ದು ಬರುತ್ತದೆ. ದಮ್ಮು ಹತ್ತುತ್ತದೆ. ಅಂಗಾತ ಮಲಗಿದರೆ ಹೆಚ್ಚಾಗುತ್ತದೆ, ಎದ್ದು ಕೂತರೆ ಕಡಿಮೆ ಆಗುತ್ತದೆ. ಅಸ್ತಮಾ ಎಂದು ಔಷಧ ತೆಗೆದುಕೊಂಡರೂ ಇದು ಇಳಿಯುವುದಿಲ್ಲ.

2. ಶ್ವಾಸಕೋಶದ ಒಂದು ಕವಲು ಮುಚ್ಚಿದರೆ: ಕಫ ಒಳಗೇ ನಿಲ್ಲುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತದೆ. ಕಫದಲ್ಲಿ ರಕ್ತದ ಎಳೆ ಕಾಣಬಹುದು.

3. ಅನ್ನನಾಳ ಒತ್ತಿದರೆ: ಮೊದಲು ರೊಟ್ಟಿ ಸಿಕ್ಕಿದ ಹಾಗೆ ಆಗುತ್ತದೆ. ಆಮೇಲೆ ಅನ್ನ, ಗಂಜಿ ನುಂಗಲೂ ತ್ರಾಸ ಆಗಬಹುದು.

4. ದೊಡ್ಡ ರಕ್ತನಾಳ ಒತ್ತಿದರೆ: ತಲೆಯಿಂದ ಹೃದಯಕ್ಕೆ ರಕ್ತ ಇಳಿಯುವ ದಾರಿ ಬಿಗಿಯಾಗುತ್ತದೆ. ಮುಖ, ಕುತ್ತಿಗೆ, ಕೈ ಬಾಯುತ್ತವೆ. ಕೊರಳಿನ ರಕ್ತನಾಳ ಉಬ್ಬುತ್ತವೆ. ಮುಂಜಾನೆ ಎದ್ದಾಗ, ಮುಂದೆ ಬಾಗಿದಾಗ ಹೆಚ್ಚು.

5. ದನಿಯ ನರ ಒತ್ತಿದರೆ: ದನಿ ಒಡೆಯುತ್ತದೆ. ದನಿಗೆ ಬೇಕಾದ ಎಡಗಡೆಯ ನರ ಎದೆಯೊಳಗೆ ಇಳಿದು ಮತ್ತೆ ಗಂಟಲಿಗೆ ಏರುತ್ತದೆ. ಆದ್ದರಿಂದ ತೊಂದರೆ ಎದೆಯಲ್ಲಿ ಇದ್ದರೂ ಗುರುತು ಗಂಟಲಲ್ಲಿ ಕಾಣುತ್ತದೆ.

6. ಬೆನ್ನೆಲುಬಿನ ಪಕ್ಕದ ನರ ಒತ್ತಿದರೆ: ಬೆನ್ನಿನಲ್ಲಿ, ಪಕ್ಕೆಯಲ್ಲಿ ನೋವು ಬರುತ್ತದೆ. ಜುಮುಜುಮು ಎನ್ನುತ್ತದೆ. ಒಂದು ಕಣ್ಣಿನ ರೆಪ್ಪೆ ಜೋತು ಬೀಳಬಹುದು. ಮುಖದ ಆ ಬದಿಗೆ ಬೆವರು ಬರದೆ ಇರಬಹುದು. ಗಡ್ಡೆ ಬೆನ್ನುಹುರಿಯ ಕಡೆ ಬೆಳೆದರೆ ಕಾಲು ಸೋಲುತ್ತವೆ.

ಈ ತೊಂದರೆಗಳು ಬೇರೆ ಕಾಯಿಲೆಯಿಂದಲೂ ಬರುತ್ತವೆ. ಹೆಚ್ಚಾಗಿ ಬೇರೆ ಕಾಯಿಲೆಯೇ ಇರುತ್ತದೆ. ಆದ್ದರಿಂದ ಗಾಬರಿ ಬೇಡ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಲಕ್ಷಣ ನೋಡಿ ಗಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲು ಬರುವುದಿಲ್ಲ. ಅದನ್ನು ಪರೀಕ್ಷೆಯೇ ಹೇಳಬೇಕು.

ಕೆಲವು ಗಡ್ಡೆಗಳ ಪರಿಚಯ

ಶ್ವಾಸಕೋಶದ ಗಂಟು: ಶ್ವಾಸಕೋಶದಲ್ಲಿ ಬರುವ, ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲಿ ಹೆಚ್ಚು ಕಾಣುವುದು ಹ್ಯಾಮಾರ್ಟೋಮಾ. ಇದರಲ್ಲಿ ಮೆತ್ತನೆಯ ಎಲುಬು, ಕೊಬ್ಬು ಸೇರಿರುತ್ತವೆ. ಕೆಲವರ ಸ್ಕ್ಯಾನಿನಲ್ಲಿ ಇದು ಪಂಚಮಿ ಹಬ್ಬದ ಜೋಳದ ಅರಳಿನ ಹಾಗೆ ಕಾಣುತ್ತದೆ. ಹೆಚ್ಚಿನವರಿಗೆ ಇದು ಏನೂ ತ್ರಾಸ ಕೊಡುವುದಿಲ್ಲ.

ಹುಟ್ಟಿನಿಂದ ಬಂದ ಗಡ್ಡೆ: ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಕೆಲವು ಕೋಶಗಳು ಎದೆಯಲ್ಲಿ ಉಳಿದುಬಿಡುತ್ತವೆ. ಮುಂದೆ ಅವೇ ಗಡ್ಡೆ ಆಗುತ್ತವೆ. ಇದಕ್ಕೆ ಟೆರಟೋಮಾ ಎನ್ನುತ್ತಾರೆ. ಇದರೊಳಗೆ ಕೂದಲು, ಕೊಬ್ಬು, ಹಲ್ಲು ಕೂಡ ಇರಬಹುದು. ಬಹಳ ಅಪರೂಪಕ್ಕೆ ಈ ಗಡ್ಡೆ ಒಡೆದು ಕೆಮ್ಮಿನ ಜೊತೆ ಕೂದಲು ಬರುತ್ತದೆ. ನೋಡಿದವರು "ಮಾಟ ಮಾಡಿಸ್ಯಾರ" ಎನ್ನುತ್ತಾರೆ. ಇದು ಮಾಟ ಅಲ್ಲ. ಯಾರ ಕಣ್ಣು ತಾಗಿದ್ದೂ ಅಲ್ಲ. ಆಪರೇಷನ್ ಮಾಡಿ ತೆಗೆಯಬಹುದಾದ ಗಡ್ಡೆ. ನೆರೆಮನೆಯವರ ಮೇಲೆ ಸಂಶಯ ಪಡಬೇಡಿ. ಆಸ್ಪತ್ರೆಗೆ ಹೋಗಿ.

ನರದ ಗಡ್ಡೆ: ಇದು ಎದೆಯ ಹಿಂಭಾಗದಲ್ಲಿ, ಬೆನ್ನೆಲುಬಿನ ಪಕ್ಕ ಬೆಳೆಯುತ್ತದೆ. ದೊಡ್ಡವರಲ್ಲಿ ಹೆಚ್ಚಾಗಿ ಕ್ಯಾನ್ಸರ್ ಅಲ್ಲ. ಸಣ್ಣ ಮಕ್ಕಳಲ್ಲಿ ಮಾತ್ರ ಹಾಗೆ ನಂಬಿ ಕೂಡಬಾರದು. ಕೂಡಲೇ ತೋರಿಸಬೇಕು.

ಎದೆಗೆ ಇಳಿದ ಗಳಗಂಡ: ಕುತ್ತಿಗೆಯ ಥೈರಾಯ್ಡ್ ಗ್ರಂಥಿ ದಪ್ಪ ಆದರೆ ಗಳಗಂಡ ಎನ್ನುತ್ತೇವೆ. ಅದು ಕೆಲವರಲ್ಲಿ ಎದೆಯ ಎಲುಬಿನ ಹಿಂದಕ್ಕೆ ಇಳಿದು ಬೆಳೆಯುತ್ತದೆ. ಹೊರಗೆ ಸ್ವಲ್ಪವೇ ಕಾಣುತ್ತದೆ, ಒಳಗೆ ದೊಡ್ಡದಿರುತ್ತದೆ.

ಥೈಮಸ್ ಗಡ್ಡೆ: ಎದೆಯ ಎಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಕುಗ್ಗುತ್ತದೆ. ಇದರ ಗಡ್ಡೆ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಸ್ನಾಯು ಸೋಲುವ ಕಾಯಿಲೆ ಬರುತ್ತದೆ. ಮುಂಜಾನೆ ಚೆನ್ನಾಗಿರುತ್ತಾರೆ. ಸಂಜೆ ಆದಂತೆ ರೆಪ್ಪೆ ಬೀಳುತ್ತವೆ. ಒಂದು ವಸ್ತು ಎರಡಾಗಿ ಕಾಣುತ್ತದೆ. ರೊಟ್ಟಿ ಅಗಿಯುತ್ತ ದವಡೆ ಸೋಲುತ್ತದೆ. ವಿಶ್ರಾಂತಿ ಪಡೆದರೆ ಸರಿಹೋಗುತ್ತದೆ. ಈ ಗಡ್ಡೆ ನಿಧಾನ ಬೆಳೆದರೂ ಇಂದಿನ ಡಾಕ್ಟರರು ಇದನ್ನು ಪೂರ್ತಿ ನಿರಪಾಯದ್ದು ಎನ್ನುವುದಿಲ್ಲ. ಸಾಮಾನ್ಯವಾಗಿ ತೆಗೆಯುತ್ತಾರೆ. ಆಮೇಲೆ ವರ್ಷ ವರ್ಷ ನೋಡುತ್ತಾರೆ.

ಆಯಿ ಮತ್ತು ಆಶಾ ಕಾರ್ಯಕರ್ತೆಯ ಮಾತುಕತೆ

ಆಶಾ: ಆಯಿ, ಯಾಕ ಹಿಂಗ ಕುಂತೀರಿ? ಮಾರಿ ಬಾತಂಗ ಕಾಣಸ್ತದಲ್ಲ?

ಆಯಿ: ಏನಿಲ್ಲ ಮಗಳ, ವಯಸ್ಸಾತು. ಹಗ್ಗದ ಮ್ಯಾಲ ಅರಿಬಿ ಹಾಕಾಕ ಕೈ ಎತ್ತಿದ್ರ ಸಾಕು, ಮಾರಿ ಕೆಂಪಾಗ್ತದ. ಉಸಿರು ಸಿಕ್ಕಂಗ ಆಗ್ತದ.

ಆಶಾ: ಮಲಗಿದ್ರ ಹೆಂಗ ಆಗ್ತದ?

ಆಯಿ: ಅಂಗಾತ ಮಲಗಾಕ ಆಗೂದಿಲ್ಲ. ಎರಡು ದಿಂಬು ಇಟ್ಟಗೋತೀನಿ. ಕೆಮ್ಮೂ ಅದ. ಬೀಡಿ ಕಟ್ಟತೀನಲ್ಲ, ತಂಬಾಕದ ಧೂಳು ಅಂತ ಸುಮ್ಮನಿದ್ದೆ.

ಆಶಾ: ಎಷ್ಟು ದಿನ ಆತು?

ಆಯಿ: ಮೂರು ತಿಂಗಳ ಆತು ನೋಡು.

ಆಶಾ: ಅಯ್ಯ ಆಯಿ! ಎರಡು ವಾರ ಕೆಮ್ಮು ಇದ್ರನ ತೋರಸಬೇಕು. ನಾಳೆ ನನ್ನ ಸಂಗಾಟ ನಡೀರಿ. ಮೊದಲ ಕಫ ತಪಾಸಣಿ ಮಾಡಸೂನು. ಎದಿ ಫೋಟೋ ತೆಗಸೂನು.

ಆಯಿ: ಫೋಟೋದಾಗ ಕ್ಯಾನ್ಸರ್ ಬಂತಂದ್ರ? ಗೊತ್ತಿಲ್ಲದಂಗ ಇರೂದ ಚಲೋ.

ಆಶಾ: ಗೊತ್ತಿಲ್ಲಂದ್ರ ಗಡ್ಡಿ ಬೆಳಿಯೂದು ನಿಲ್ತದೇನು ಆಯಿ? ಎಲ್ಲಾ ಗಡ್ಡಿ ಕ್ಯಾನ್ಸರ್ ಅಲ್ಲ. ಗೊತ್ತಾದ್ರ ಉಪಾಯ ಅದ.

ಆಯಿ ಹೋದರು. ಕಫದಲ್ಲಿ ಟಿಬಿ ಇರಲಿಲ್ಲ. ಎಕ್ಸ್‌ರೇಯಲ್ಲಿ ಎದೆಯ ಎಲುಬಿನ ಹಿಂದೆ ನೆರಳು ಕಂಡಿತು. ಸ್ಕ್ಯಾನ್ ಮಾಡಿದಾಗ ಅದು ಎದೆಗೆ ಇಳಿದ ಗಳಗಂಡ ಎಂದು ಗೊತ್ತಾಯಿತು. ಆಪರೇಷನ್ ಆಯಿತು. ತೆಗೆದ ಗಡ್ಡೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂತು. ಈಗ ಆಯಿ ಒಂದೇ ದಿಂಬಿನ ಮೇಲೆ ಮಲಗುತ್ತಾರೆ.

ಇದು ಪಾಠಕ್ಕಾಗಿ ಬರೆದ ಮಾತುಕತೆ. ಆದರೆ ಇಂಥ ಆಯಿ ನಿಮ್ಮ ಓಣಿಯಲ್ಲೂ ಇರಬಹುದು. ಸೊಲ್ಲಾಪುರದ ಕಡೆ ಬೀಡಿ ಕಟ್ಟುವ ಅಕ್ಕತಂಗಿಯರು, ಮಗ್ಗದ ಕೆಲಸದ ಅಣ್ಣತಮ್ಮಂದಿರು ಬಹಳ. ಕೆಮ್ಮು ಬಂದರೆ ಧೂಳಿನದು ಎಂದು ಬಿಟ್ಟುಬಿಡುತ್ತಾರೆ. ಧೂಳಿನದೇ ಇರಬಹುದು. ಆದರೆ ತೋರಿಸದೆ ಹೇಗೆ ಗೊತ್ತಾಗಬೇಕು?

ತಪಾಸಣೆ ಹೇಗೆ?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲೂಕಿನ ಸರಕಾರಿ ಆಸ್ಪತ್ರೆಗೆ ಹೋಗಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಟಿಬಿ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಇಲ್ಲ. ಪರೀಕ್ಷೆ ಇಲ್ಲದೆ ಟಿಬಿ ಗುಳಿಗೆ ನುಂಗಬೇಡಿ. ಡಾಕ್ಟರರು ಟಿಬಿ ಗುಳಿಗೆ ಕೊಟ್ಟಿದ್ದರೆ ನಡುವೆ ಬಿಡಬೇಡಿ.

ಎದೆಯ ಎಕ್ಸ್‌ರೇಯಲ್ಲಿ ಗಡ್ಡೆ ನೆರಳಿನ ಹಾಗೆ ಕಾಣುತ್ತದೆ. ಅದು ಎಲ್ಲಿದೆ, ಎಷ್ಟು ದೊಡ್ಡದು, ಯಾವುದನ್ನು ಒತ್ತುತ್ತಿದೆ ಎಂದು ತಿಳಿಯಲು ಸಿಟಿ ಸ್ಕ್ಯಾನ್ ಬೇಕು. ಇದಕ್ಕೆ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಕೆಲವರಿಗೆ ಗಡ್ಡೆಯ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. "ಚೂರು ತೆಗೆದರೆ ಗಡ್ಡೆ ಕೆರಳುತ್ತದೆ" ಎಂಬ ಮಾತಿಗೆ ಹೆದರಿ ಪರೀಕ್ಷೆ ಬಿಡಬೇಡಿ. ಯಾರಿಗೆ ಚೂರು ತೆಗೆಯಬೇಕು, ಯಾರಿಗೆ ಬೇಡ ಎಂಬುದನ್ನು ಡಾಕ್ಟರರು ಸ್ಕ್ಯಾನ್ ನೋಡಿ ತೀರ್ಮಾನಿಸುತ್ತಾರೆ. ಬಸುರಿ ಇದ್ದರೆ ಎಕ್ಸ್‌ರೇಗೆ ಮೊದಲೇ ತಿಳಿಸಿ.

ಹಳೆಯ ಎಕ್ಸ್‌ರೇ ಎಸೆಯಬೇಡಿ. ಅದು ಬಹಳ ಬೆಲೆಯುಳ್ಳದ್ದು. ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟರೆ ಗಡ್ಡೆ ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮಡಚದೆ, ನೀರು ತಾಗದ ಹಾಗೆ ಇಡಿ. ಲಕೋಟೆಯ ಮೇಲೆ ಹೆಸರು, ತಾರೀಖು ನೀವೇ ಬರೆಯಿರಿ.

ಚಿಕಿತ್ಸೆ ಏನು?

ಎಲ್ಲ ಗಡ್ಡೆಗೂ ಆಪರೇಷನ್ ಬೇಕಿಲ್ಲ. ಸಣ್ಣದು, ಬೆಳೆಯದ್ದು, ತ್ರಾಸ ಕೊಡದ್ದು ಆದರೆ ಡಾಕ್ಟರರು "ಆರು ತಿಂಗಳಿಗೆ ಬನ್ನಿ, ಮತ್ತೆ ನೋಡೋಣ" ಎನ್ನಬಹುದು. ಆಗ ಹೇಳಿದ ದಿನಕ್ಕೆ ತಪ್ಪದೆ ಹೋಗಬೇಕು. "ಏನೂ ತ್ರಾಸ ಇಲ್ಲ" ಎಂದು ಮನೆಯಲ್ಲಿ ಕೂಡಬಾರದು.

ಒತ್ತುತ್ತಿದ್ದರೆ, ಬೆಳೆಯುತ್ತಿದ್ದರೆ, ಸಂಶಯ ಇದ್ದರೆ ಆಪರೇಷನ್ ಮಾಡುತ್ತಾರೆ. ಕೆಲವರಿಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ತೆಗೆಯುತ್ತಾರೆ. ದೊಡ್ಡದಿದ್ದರೆ ಎದೆ ತೆರೆಯಬೇಕಾಗುತ್ತದೆ. ಕ್ಯಾನ್ಸರ್ ಅಲ್ಲದ ಗಡ್ಡೆ ಪೂರ್ತಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ.

ಬರೆ ಹಾಕಿಸುವುದು, ಎದೆ ತಿಕ್ಕಿಸುವುದು, ಗಡ್ಡೆ ಕರಗಿಸುವ ಪುಡಿ ತಿನ್ನುವುದು ಬೇಡ. ಇದರಿಂದ ಗಡ್ಡೆ ಕರಗುವುದಿಲ್ಲ. ದುಡ್ಡು ಮತ್ತು ದಿನ ಹೋಗುತ್ತವೆ.

ಖರ್ಚಿನ ಚಿಂತೆಯೇ? 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಶುರುವಾಯಿತು. ಇದರಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯೂ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ' ಕೂತಿರುತ್ತಾರೆ. ರೇಷನ್ ಕಾರ್ಡ್, ಆಧಾರ್ ತೋರಿಸಿ. ನಿಮ್ಮ ಚಿಕಿತ್ಸೆ ಯೋಜನೆಯಲ್ಲಿ ಬರುತ್ತದೆಯೇ ಎಂದು ಭರ್ತಿ ಆಗುವ ಮೊದಲೇ ಕೇಳಿ.

ತಡ ಮಾಡಬೇಡಿ! ಇವು ಅಪಾಯದ ಗುರುತು

* ಉಸಿರು ಸಿಗದೆ ಮಾತಾಡಲು ಆಗದಿರುವುದು
* ತುಟಿ, ಉಗುರು ನೀಲಿ ಆಗುವುದು
* ಮುಖ, ಕುತ್ತಿಗೆ ಒಮ್ಮೆಲೇ ಬಾಯುವುದು
* ಕೆಮ್ಮಿನಲ್ಲಿ ಹೆಚ್ಚು ರಕ್ತ ಬರುವುದು
* ತಡೆಯಲಾರದ ಎದೆನೋವು
* ಕಾಲಿನ ಶಕ್ತಿ ಹೋಗುವುದು, ಮೂತ್ರ ನಿಲ್ಲುವುದು

ಕೂಡಲೇ 108ಕ್ಕೆ ಫೋನ್ ಮಾಡಿ. ದಮ್ಮು ಇರುವವರನ್ನು ಅಂಗಾತ ಮಲಗಿಸಬೇಡಿ. ಒರಗಿಸಿ ಕೂಡಿಸಿ.

ಬರೆದುಕೊಂಡು ಹೋಗಿ

ಡಾಕ್ಟರರ ಮುಂದೆ ನಿಂತಾಗ ಅರ್ಧ ಮಾತು ಮರೆತು ಹೋಗುತ್ತದೆ. ನಿಮಗೆ ಈಗ ಬರೆಯಲು ಬರುತ್ತದೆ. ಒಂದು ಚೀಟಿಯಲ್ಲಿ ಹೀಗೆ ಬರೆಯಿರಿ.

ಏನು ತ್ರಾಸ? — ಕೆಮ್ಮು, ದಮ್ಮು
ಯಾವಾಗಿನಿಂದ? — ಹೋಳಿ ಹುಣ್ಣಿಮೆಯಿಂದ
ಯಾವಾಗ ಹೆಚ್ಚು? — ರಾತ್ರಿ ಮಲಗಿದಾಗ
ತೂಕ ಇಳಿದಿದೆಯೇ? ಜ್ವರ ಇದೆಯೇ? — ಇಲ್ಲ
ಈಗ ಯಾವ ಗುಳಿಗೆ? — ಬಿ.ಪಿ. ಗುಳಿಗೆ

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆ ಆಸ್ಪತ್ರೆಯಲ್ಲಿ ಮರಾಠಿ ನಡೆಯುತ್ತದೆ. ಈ ಮಾತುಗಳನ್ನು ಕಲಿತಿರಿ.

ಕೆಮ್ಮು — ಖೋಕಲಾ
ದಮ್ಮು ಹತ್ತುತ್ತದೆ — ದಮ ಲಾಗತೋ
ಎದೆಯಲ್ಲಿ ನೋಯುತ್ತದೆ — ಛಾತೀತ ದುಖತಂ
ನುಂಗಲು ತ್ರಾಸ — ಗಿಳತಾನಾ ತ್ರಾಸ ಹೋತೋ
ದನಿ ಬದಲಾಗಿದೆ — ಆವಾಜ ಬದಲಲಾಯ
ಮುಖ ಬಾತಿದೆ — ಚೇಹರಾ ಸುಜಲಾಯ
ಗಡ್ಡೆ — ಗಾಠ

ಬರುವ ಮೊದಲು ಡಾಕ್ಟರರಿಗೆ ಮೂರು ಪ್ರಶ್ನೆ ಕೇಳಿ. ಗಡ್ಡೆ ಎಲ್ಲಿದೆ? ಯಾವ ಬಗೆಯದು? ಮತ್ತೆ ಯಾವಾಗ ಬರಬೇಕು? ಉತ್ತರವನ್ನು ಅದೇ ಚೀಟಿಯ ಹಿಂದೆ ಬರೆದುಕೊಳ್ಳಿ. ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಹೊಸ ಪದಗಳು

ಲಕ್ಷಣ — ಕಾಯಿಲೆಯ ಗುರುತು
ಶ್ವಾಸನಾಳ — ಗಾಳಿ ಹೋಗುವ ಕೊಳವೆ
ಅನ್ನನಾಳ — ಅನ್ನ ಹೋಗುವ ಕೊಳವೆ
ವಪೆ — ಎದೆ ಮತ್ತು ಹೊಟ್ಟೆಯ ನಡುವಿನ ಪರದೆ
ಬಯಾಪ್ಸಿ — ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ

ಅಭ್ಯಾಸ

ಅ) ಸರಿಯೋ ತಪ್ಪೋ ಹೇಳಿರಿ.
1. ಎಲ್ಲ ಗಡ್ಡೆಗಳೂ ಕ್ಯಾನ್ಸರ್.
2. ಕ್ಯಾನ್ಸರ್ ಅಲ್ಲದ ಗಡ್ಡೆಯೂ ಶ್ವಾಸನಾಳವನ್ನು ಒತ್ತಬಹುದು.
3. ಗಡ್ಡೆಯೊಳಗೆ ಕೂದಲು ಸಿಕ್ಕರೆ ಅದು ಮಾಟ.
4. ಹಳೆಯ ಎಕ್ಸ್‌ರೇ ಇಟ್ಟುಕೊಳ್ಳಬೇಕು.

ಆ) ಬಿಟ್ಟ ಜಾಗ ತುಂಬಿರಿ.
1. ಕೆಮ್ಮು ______ ವಾರಕ್ಕಿಂತ ಹೆಚ್ಚು ಇದ್ದರೆ ತಪಾಸಣೆ ಮಾಡಿಸಬೇಕು.
2. ದಮ್ಮು ಇರುವವರನ್ನು ______ ಮಲಗಿಸಬಾರದು.
3. ಅಪಾಯದ ಗುರುತು ಕಂಡರೆ ______ಕ್ಕೆ ಫೋನ್ ಮಾಡಬೇಕು.

ಇ) ಉತ್ತರ ಬರೆಯಿರಿ.
1. ಆಯಿ ಮೂರು ತಿಂಗಳು ಯಾಕೆ ಸುಮ್ಮನಿದ್ದರು?
2. "ಗೊತ್ತಿಲ್ಲದಂಗ ಇರೂದ ಚಲೋ" ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಅಂದರೆ ನೀವು ಏನು ಹೇಳುತ್ತೀರಿ?

ಈ) ಅಂದವಾಗಿ ಬರೆಯಿರಿ. ಆಮೇಲೆ ಮನೆಯವರಿಗೆ ಓದಿ ಹೇಳಿರಿ.
ಗಡ್ಡೆ ಎಂದು ಹೆದರಬೇಡಿ. ಕ್ಯಾನ್ಸರ್ ಅಲ್ಲ ಎಂದು ಮರೆಯಬೇಡಿ. ಹೇಳಿದ ದಿನಕ್ಕೆ ತಪ್ಪದೆ ತೋರಿಸಿ.